ಉಪ್ಪಿನ ಗುಡ್ಡ

ಮೊಬೈಲು ಮೇಜಿನ ಮೇಲಿಟ್ಟು ನಾಗವೇಣಿ ಅಂದಳು:
"ಇಂಥಾದ್ದೇ ಬೇಕು ನೋಡ್ರಿ ಅಣ್ಣಾರೇ.
ಫ್ರಾನ್ಸು. ಅದರಾಗೂ ದಕ್ಷಿಣ."
ಬೆರಳು ಸರಿಸಿದಳು.
ನೇರಳೆ ಹೊಲ, ಎಣ್ಣೆ ಹಚ್ಚಿ ಬಾಚಿದ ತಲೆಯ ಹಾಗೆ;
ಮೂರಂತಸ್ತಿನ ಕಲ್ಲುಕಮಾನು, ಕೆಳಗೆ ಹಸಿರು ಹೊಳೆ;
ಗುಲಾಬಿ ನೀರಿನ ದಂಡೆಗೆ ಒಂದು ಬಿಳೀ ಗುಡ್ಡ.
"ಹಿಮವಾ?" ಅಂದೆ.
"ಉಪ್ಪು" ಅಂದ ಕರಿಬಸವ, ಮದುವೆ ಹುಡುಗ,
ಹರಿಹರದ ರಸ್ತೆಯಲ್ಲಿ ಟೈರಿನಂಗಡಿ.
ಬಜೆಟ್ಟು ಹದಿನೈದು ಸಾವಿರ.
ಊಟ ಅವರದು, ಪೆಟ್ರೋಲು ನಂದು.

ನಾಲ್ಕು ದಿನ ತಿರುಗಿದೆ,
ಸ್ಕೂಟರಿನ ಹಿಂದೆ ಇಮಾಮ್, ಅವನ ತೊಡೆಯ ಮೇಲೆ ಸ್ಟ್ಯಾಂಡು.
ಜಾಗ ಹುಡುಕುವವನಿಗೆ ಮೊದಲು ಕಾಣುವುದು ಕರೆಂಟಿನ ತಂತಿ,
ಆಮೇಲೆ ಪ್ಲಾಸ್ಟಿಕ್ಕು, ಆಮೇಲೆ ಎಮ್ಮೆ,
ಕೊನೆಗೆ, ಪುಣ್ಯವಿದ್ದರೆ, ಬೆಳಕು.

ಕಮಾನು ಬೇಗ ಸಿಕ್ಕಿತು.
ಭದ್ರಾ ನಾಲೆ ಹಳ್ಳ ದಾಟುವಲ್ಲಿ
ಮೇಲ್ಗಾಲುವೆಯ ಕಂಬಗಳು, ಒಂದೇ ಅಂತಸ್ತು, ಪಾಚಿ.
"ಇನ್ನೆರಡು ಕಂಪ್ಯೂಟರಿನಾಗ ಕಟ್ಟಾಣ" ಅಂದ ಇಮಾಮ್.
ಕೆಳಗೆ ನಿಂತವರ ನೆತ್ತಿಗೆ ಎರಡು ಹನಿ,
ಯಾವ ದೇಶದ್ದಾದರೂ ತಣ್ಣಗೆ.

ನೇರಳೆಗೆ ಪಾಡುಪಟ್ಟೆ.
ಬದನೆ ಹೂವು ತಲೆ ತಗ್ಗಿಸಿತ್ತು, ಅವರೆ ಇನ್ನೂ ಮೊಗ್ಗು.
ಆನಗೋಡು ದಾಟಿದ ಮೇಲೆ, ದುರ್ಗದ ದಾರಿಯಲ್ಲಿ
ಬೀಳುಬಿದ್ದ ಹೊಲದ ತುಂಬ ಕೊಗ್ಗೆ ಗಿಡ.
ಯಾರೂ ಬಿತ್ತಿದ್ದಲ್ಲ.
ಹೊಟ್ಟೆ ಮೇಲೆ ಮಲಗಿ ಕ್ಯಾಮರಾ ನೆಲಕ್ಕೆ ತಾಗಿಸಿದರೆ
ಮೊಳದೆತ್ತರದ ಗಿಡ ಮೈಲುಗಟ್ಟಲೆ ಹೋಗುತ್ತದೆ.
ಪರಿಮಳವೋ? ಫೋಟೋಕ್ಕೆ ಮೂಗಿಲ್ಲ.

ಉಪ್ಪಿನ ಗುಡ್ಡ ಮಾತ್ರ ಸಿಗಲಿಲ್ಲ.
ಐದನೇ ದಿನ ಮಂಡಕ್ಕಿ ಭಟ್ಟಿಗಳ ಗಲ್ಲಿಯಲ್ಲಿ
ಸ್ಕೂಟರು ಕೆಟ್ಟು ನಿಂತಿತು.
ಕಪ್ಪು ಗೋಡೆ, ಕಪ್ಪು ಹೆಂಚು,
ಒಲೆಯ ಪಕ್ಕ ಹಳೇ ಟೈರಿನ ಚೂರು,
ತೆರೆದ ಬಾಗಿಲಿನೊಳಗೆ ಆಳೆತ್ತರ ಬಿಳುಪು,
ಬಿಸಿ ಮರಳಿನಿಂದ ಈಗಷ್ಟೇ ಜರಡಿ ಹಿಡಿದದ್ದು.
ಇಬ್ಬರೂ ಸ್ಕೂಟರು ಮರೆತೆವು.

ಭಾನುವಾರ ಕರೆತಂದೆ, ಎಲ್ಲಿಗೆಂದು ಹೇಳದೆ.
ಗಲ್ಲಿ ತಿರುಗಿದ್ದೇ ನಾಗವೇಣಿ ಸುಮ್ಮನಾದಳು.
ಬಾಡಿಗೆಯ ಬಿಳೀ ಗೌನು ಎರಡೂ ಕೈಯಲ್ಲಿ ಎತ್ತಿ
ಚರಂಡಿ ದಾಟಿದಳು, ಸವೆದ ಮೆಟ್ಟಿಲು ಬಿಟ್ಟು ಕಾಲಿಟ್ಟಳು,
"ತಲೆ ಜೋಪಾನ" ಅನ್ನುವ ಮೊದಲೇ
ತೊಲೆಗೆ ಬಗ್ಗಿದಳು.

"ಗುಡ್ಡದ ಮುಂದ ನಿಲ್ಲಮ್ಮ. ದೂರ ನೋಡು.
ಸಮುದ್ರ ಐತಿ ಅಂತ ತಿಳಕೋ."
ಸಮುದ್ರದ ಕಡೆಯಿಂದ
ಜರಡಿ ಕೆಳಗಿಟ್ಟು, ಹಣೆಗೆ ಸೆರಗೊತ್ತಿ ಒಬ್ಬಾಕೆ ಕೇಳಿದಳು:
"ಏ, ನೀನು ಕೆಂಚಮ್ಮನ ಮಗಳಲ್ಲೇನ?
ಈ ರಾಶಿ ಮ್ಯಾಲೇ ಮಲಗ್ತಿದ್ದೆಲ್ಲೇ, ಅಂಗೈಯಷ್ಟಿದ್ದಾಗ!"

ಕರಿಬಸವ ಅವಳ ಮುಖ ನೋಡಿದ.
ಅವಳು ನನ್ನ ಲೆನ್ಸು ನೋಡಿದಳು.
ಇಮಾಮ್ ಹಿಡಿದ ಬೆಳ್ಳಿ ಹಾಳೆ ಒಂಚೂರು ನಡುಗಿ
ಬೆಳಕು ಅವಳ ಕೊರಳಿಂದ ಅವನ ಅಂಗಿಗೆ ಹೋಗಿ
ವಾಪಸು ಬಂತು.
ಒಲೆ ಒಂದೇ ಸಮ ಬುಸುಗುಡುತ್ತಿತ್ತು.

ಅವನು ಬಗ್ಗಿ ಒಂದು ಹಿಡಿ ಬಾಯಿಗೆ ಹಾಕಿಕೊಂಡ.
ಅಗಿದ. ಇನ್ನೂ ಅಗಿದ.
"ಉಪ್ಪು ಕಮ್ಮಿ" ಅಂದ.

ಅವಳು ನಗು ತಡೆಯಲಾರದೆ
ಗೌನಿನ ಸಮೇತ ಹಿಂದಕ್ಕೆ ಬಿದ್ದಳು,
ಅಲ್ಲಿ ಬೀಳುವುದು ಗೊತ್ತಿದ್ದವಳ ಹಾಗೆ.
ನಾನು ಒತ್ತಿದೆ.

ಆ ಪಟ ಆಲ್ಬಮ್ಮಿನಲ್ಲಿಲ್ಲ.
ಕಮಾನಿದೆ, ಮೂರಂತಸ್ತು.
ಕೊಗ್ಗೆ ಇದೆ, ಇದ್ದದ್ದಕ್ಕಿಂತ ಎರಡು ಪಟ್ಟು ನೇರಳೆ.
ಗೌನಿನ ಮಸಿಗೆ ಇನ್ನೂರು ಹಿಡಿದುಕೊಂಡರು.

ತಿಂಗಳು ಬಿಟ್ಟು ಒಬ್ಬಳೇ ಬಂದಳು:
"ಅದೊಂದು ಪ್ರತಿ ಕೊಡ್ರಿ. ಸಣ್ಣದು ಸಾಕು. ಅವ್ವಗೆ."
ಲಕೋಟೆಯ ಮೇಲೆ ಜಾಗದ ಹೆಸರು ಬರೆಯುವುದು ನನ್ನ ರೂಢಿ.
ಪೆನ್ನು ಹಿಡಿದು ಅವಳ ಮುಖ ನೋಡಿದೆ.
"ಫ್ರಾನ್ಸು ಅಂತಲೇ ಬರೀರಿ" ಅಂದಳು.
"ನೋಡಿ ಬೈಲಿ."